ಓಕೆ ಎಂಬ ಎರಡಕ್ಷರ

ಪ್ರೀತಿಯ ತಮ್ಮ,

'ಓಕೆ' ಬಗ್ಗೆ ನೀನು ಬರೆದ ಲೇಖನ ಓದಿದೆ. ದಿನವಿಡೀ ಬಾಯಲ್ಲಿರುವ ಪದದ ಬಗ್ಗೆ ಬರೆಯಬೇಕು ಅಂತ ನಿನಗೆ ಅನಿಸಿದ್ದೇ ನನಗೆ ಖುಷಿ. ಆದರೆ ಮೊದಲ ಪುಟದ ಕಥೆಯನ್ನು ತೆಗೆದುಬಿಡು. ಅಮೆರಿಕದ ಅಂತರ್ಯುದ್ಧದಲ್ಲಿ ಯಾರೂ ಸಾಯದ ದಿನ 'ಜೀರೋ ಕಿಲ್ಡ್' ಅಂತ ಬರೆಯುತ್ತಿದ್ದರು, ಆ ಸೊನ್ನೆಯೇ ಓ ಆಯಿತು ಅನ್ನುವ ಕಥೆ. ಕೇಳೋಕೆ ಸೊಗಸಾಗಿದೆ, ಅಲ್ವಾ? ಆದರೆ ಆ ಯುದ್ಧ ಶುರುವಾಗಿದ್ದು 1861ರಲ್ಲಿ. ಓಕೆ ಅದಕ್ಕೂ 22 ವರ್ಷ ಮೊದಲೇ ಅಚ್ಚಾಗಿತ್ತು. ಪದದ ಹುಟ್ಟಿನ ಕಥೆ ತುಂಬಾ ಚಂದ ಇದ್ದರೆ ಮೊದಲು ಇಸವಿ ನೋಡು.

ನಿಜವಾದ ಕಥೆಯೇನೂ ಸಪ್ಪೆಯಲ್ಲ. ಆ ಕಾಲದಲ್ಲಿ ಬಾಸ್ಟನ್ ಪತ್ರಿಕೆಗಳಿಗೆ ಒಂದು ಹುಚ್ಚು ಹಿಡಿದಿತ್ತು. ಬೇಕಂತಲೇ ಸ್ಪೆಲಿಂಗ್ ಕೆಡಿಸಿ, ಮೊದಲ ಅಕ್ಷರಗಳನ್ನಷ್ಟೇ ಬರೆಯುವುದು. 'ಆಲ್ ಕರೆಕ್ಟ್' ಅನ್ನುವುದು 'ಒಲ್ ಕೊರೆಕ್ಟ್' (oll korrect) ಆಗಿ, ಕೊನೆಗೆ ಓ.ಕೆ. ಆಯಿತು. 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್‌ನಲ್ಲಿ ಅದು ಇದೆ. 'ಆಲ್ ರೈಟ್' ಹೀಗೇ ಸ್ಪೆಲಿಂಗ್ ಕೆಟ್ಟು (oll wright) ಓ.ಡಬ್ಲ್ಯೂ. ಆಗಿತ್ತು. ಅದು ಸತ್ತುಹೋಯಿತು, ಇದು ಉಳಿಯಿತು. ಯಾಕೆ? ಮರುವರ್ಷವೇ ಅಧ್ಯಕ್ಷರ ಚುನಾವಣೆ ಬಂತು. ಮತ್ತೆ ಕಣಕ್ಕಿಳಿದಿದ್ದ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್ ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಊರಿನವರು. ಬೆಂಬಲಿಗರು ಅವರನ್ನು 'ಓಲ್ಡ್ ಕಿಂಡರ್‌ಹುಕ್' ಅಂತ ಕರೆದು ಓ.ಕೆ. ಕ್ಲಬ್‌ಗಳನ್ನು ಕಟ್ಟಿದರು. ವಾನ್ ಬ್ಯೂರೆನ್ ಸೋತರು, ಆದರೆ ಪದ ಜನರ ಬಾಯಿಗೆ ಬಿದ್ದಿತ್ತು. ಆಮೇಲೆ ಟೆಲಿಗ್ರಾಫ್‌ನವರಿಗೂ ಈ ಪುಟ್ಟ ಪದ ಅನುಕೂಲವಾಯಿತು.

ಇದನ್ನೆಲ್ಲ 1960ರ ದಶಕದಲ್ಲಿ ದಾಖಲೆ ಸಮೇತ ತೋರಿಸಿದವರು ಆಲನ್ ವಾಕರ್ ರೀಡ್ ಎಂಬ ಪ್ರೊಫೆಸರ್. ಸುಮ್ನೆ ಊಹಿಸಲಿಲ್ಲ, ಹಳೇ ಪತ್ರಿಕೆಗಳನ್ನು ಜಾಲಾಡಿದರು. ಆ ತಾಳ್ಮೆ ನಿನಗೂ ಬರಲಿ ಅಂತ ನನ್ನ ಆಸೆ.

ಇನ್ನು ಬಳಕೆ. ಓಕೆ ಅಂದರೆ ಒಪ್ಪಿಗೆ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅಷ್ಟು ಸಾಲದು. 'ಕೆಲಸ ಬಿಡ್ತೀನಿ ಅಪ್ಪ' ಅಂತ ಮಗಳು ಹೇಳುತ್ತಾಳೆ ಅಂದುಕೋ. 'ಓಕೆ, ನಿನ್ನಿಷ್ಟ' ಅಂದರೆ ಒಪ್ಪಿದ ಹಾಗೆ, ಆದರೂ ಪೂರ್ತಿ ಒಪ್ಪಿಲ್ಲ. 'ಓಕೆ... ಆಮೇಲೆ?' ಅಂದರೆ ಅಪ್ಪ ಕೇಳಿಸಿಕೊಳ್ಳುತ್ತಿದ್ದಾನೆ ಅಷ್ಟೇ. 'ಓಕೆ, ಈಗ ಊಟ ಮಾಡು' ಅಂದರೆ ಆ ಮಾತು ಅಲ್ಲಿಗೇ ಮುಗಿಯಿತು. 'ಸಿನಿಮಾ ಓಕೆ' ಅಂದರಂತೂ ಅದು ಹೊಗಳಿಕೆಯೇ ಅಲ್ಲ. ಒಂದೇ ಪದ, ಪ್ರತಿ ಸಲವೂ ಬೇರೆ ಕೆಲಸ. ನೀನು ಕಥೆ ಬರೆಯುವಾಗ ಪಾತ್ರಗಳು ಓಕೆ ಅಂದಾಗಲೆಲ್ಲ ಅದು ಯಾವ ಓಕೆ ಅಂತ ನಿನಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅಲ್ಲಿ 'ಸರಿ' ಅಂತಲೋ 'ಆಯ್ತು' ಅಂತಲೋ ಹಾಕಿ, ಜೋರಾಗಿ ಓದಿ ನೋಡು. ಯಾವುದು ಕೂರುತ್ತದೆ ಅಂತ ಕಿವಿಯೇ ಹೇಳುತ್ತದೆ.

ಚುನಾವಣೆಯ ಭಾಗ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ. ಯುದ್ಧದ ಕಥೆ ತೆಗೆದ ಜಾಗಕ್ಕೆ ಅದನ್ನು ಹಾಕು, ನಿಘಂಟಿನ ಅರ್ಥಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸು. ತಿದ್ದಿದ ಮೇಲೆ ಮತ್ತೆ ಕಳಿಸು, ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ