ಹೊಳಪಿಗೆ ಪೈಪೋಟಿ ಬೇಡ

ಮಾನ್ಯರೇ,

ನಮ್ಮ ಊರುಗಳ ಸಣ್ಣ ಸಾವಯವ ಅಂಗಡಿಗಳು ಸೂಪರ್ ಮಾರ್ಕೆಟ್‌ಗಳ ಜೊತೆ ದರದಲ್ಲಿ ಪೈಪೋಟಿಗೆ ಇಳಿದು ಸೋಲುತ್ತಿವೆ. ಮೊದಲು ನವಣೆ, ಸಾಮೆ, ಕೊರಲೆ ಬೇಕೆಂದರೆ ಇಂಥ ಅಂಗಡಿಗೇ ಹೋಗಬೇಕಿತ್ತು. 2023ರ ಸಿರಿಧಾನ್ಯ ವರ್ಷದ ಪ್ರಚಾರದ ಮೇಲಂತೂ ಇವು ದೊಡ್ಡ ಮಳಿಗೆಗಳ ಕಪಾಟಿನಲ್ಲೂ ಸಾಲಾಗಿ ಕೂತಿವೆ, ಅದೂ ರಿಯಾಯಿತಿ ದರದಲ್ಲಿ. ಲಾರಿಗಟ್ಟಲೆ ಕೊಳ್ಳುವವರ ದರಕ್ಕೆ ನಾಲ್ಕು ಮೂಟೆ ತರುವವರು ಮಾರಲು ಆಗುತ್ತದೆಯೇ?

ಆದರೆ ದೊಡ್ಡ ಮಳಿಗೆಗೆ ಕಷ್ಟವಾದ ಕೆಲಸವೊಂದಿದೆ. ಪಾಲಿಶ್ ಮಾಡದ ಧಾನ್ಯದಲ್ಲಿ ತೌಡು ಉಳಿದಿರುತ್ತದೆ. ತೌಡಿನಲ್ಲಿ ಎಣ್ಣೆ ಅಂಶವಿರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ, ಹುಳವೂ ಬೀಳುತ್ತದೆ. ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡಬೇಕಾದವರಿಗೆ ಪಾಲಿಶ್ ಮಾಡಿದ ಬಿಳಿ ಧಾನ್ಯವೇ ಅನುಕೂಲ. ಆದರೆ ನಾರಿನಂಶ ಜಾಸ್ತಿ ಇರುವುದೇ ತೌಡಿನಲ್ಲಿ ಅಲ್ವಾ? ಅದನ್ನು ತೆಗೆದ ಮೇಲೆ ಸುಮ್ನೆ ಸಿರಿಧಾನ್ಯ ಅಂತ ಯಾಕೆ ತಿನ್ನಬೇಕು? (ನಮ್ಮ ಮನೆಯಲ್ಲೂ ಬೆಳ್ಳಗಿರುವುದೇ ಒಳ್ಳೆಯದೆಂದು ಬಹಳ ದಿನ ನಂಬಿದ್ದೆವು.)

ಸಾವಯವ ಅಂಗಡಿಯವರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಗಿರಣಿ ಮಾಡಿಸಿ, ಗಿರಣಿ ಮಾಡಿಸಿದ ದಿನಾಂಕ ಮತ್ತು ಬೆಳೆದ ಊರಿನ ಹೆಸರನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಲಿ. ಊರಿನ ನಾಲ್ಕೈದು ಅಂಗಡಿಯವರು ಸೇರಿ ಒಂದೇ ಗಾಡಿಯಲ್ಲಿ ತರಿಸಿಕೊಂಡರೆ ಸಾಗಣೆ ಖರ್ಚೂ ಇಳಿಯುತ್ತದೆ. ಕೃಷಿ ಇಲಾಖೆ ತಾಲ್ಲೂಕಿಗೊಂದು ಸಣ್ಣ ಸಿರಿಧಾನ್ಯ ಗಿರಣಿಗೆ ನೆರವು ಕೊಟ್ಟರೆ ಈ ಕೆಲಸ ಇನ್ನೂ ಸುಲಭವಾಗುತ್ತದೆ.

– ಓದುಗ, ತುಮಕೂರು