ಗುಂಡ ಆಕಾಶ ನೋಡುವುದು ಬಿಟ್ಟಿದ್ದಾನೆ

ಲೋ ಮಾರಾಯ,

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಎಲ್ಲರೆದುರೇ ಉತ್ತರ ಬರೆಯುತ್ತಿದ್ದೇನೆ, ಬೈಬೇಡ. ನಾಯಿಮರಿಯನ್ನು ಕ್ಯಾರವಾನಿನಲ್ಲಿ, ಅದೇ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಮನೆಗಾಡಿಯಲ್ಲಿ, ಕರೆದುಕೊಂಡು ಹೋಗಬಹುದಾ ಅಂತ ಬೇರೆಯವರೂ ಕೇಳುತ್ತಿರುತ್ತಾರೆ, ಅವರಿಗೂ ಆಯಿತು. ಧಾರಾಳವಾಗಿ ಕರೆದುಕೊಂಡು ಹೋಗು. ಆದರೆ ಗಾಡಿ ಮನೆ ಮುಂದೆ ನಿಂತಿರುವಾಗಲೇ ಮರಿಯನ್ನು ಒಳಗೆ ಬಿಡು. ಮೂಲೆ ಮೂಲೆ ಮೂಸಲಿ, ಒಂದು ನಿದ್ದೆ ತೆಗೆಯಲಿ. ಮರಿಗಳಿಗೆ ದಾರಿಯಲ್ಲಿ ವಾಂತಿ ಜಾಸ್ತಿ, ಹೊರಡುವ ಹೊತ್ತಿಗೆ ಹೊಟ್ಟೆ ತುಂಬಾ ತಿನ್ನಿಸಬೇಡ. ಓಡುವಾಗ ಅದು ನಿಮ್ಮ ಜೊತೆ ಕಾರಿನಲ್ಲಿರಬೇಕು, ಹಿಂದೆ ಕ್ಯಾರವಾನಿನಲ್ಲಿ ಒಂಟಿಯಾಗಿ ಅಲ್ಲ. ಇನ್ನು ನಿಲ್ಲಿಸಿದ ಕಾರಿನಲ್ಲಿ ‘ಎರಡೇ ನಿಮಿಷ ಬಂದೆ’ ಅಂತ ಬಿಟ್ಟು ಹೋಗಲೇಬೇಡ. ಹೊರಗೆ 24 ಡಿಗ್ರಿ ಇದ್ದರೂ ಹತ್ತು ನಿಮಿಷದಲ್ಲಿ ಒಳಗೆ 34 ದಾಟಬಹುದು. ನಾಯಿಗಳು ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪಾಗಬೇಕು ಪಾಪ.

ಜಾಗ ಸೇರಿದ ಮೇಲಿನ ಗಲಾಟೆ ನಿನಗೆ ಗೊತ್ತೇ ಇದೆ. ಚಕ್ರಕ್ಕೆ ಅಡ್ಡ ಕೊಡು, ಹಲಗೆ ಹಾಕು, ನೆಲದ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬರುವ ತನಕ ನೋಡು. ಸುಮ್ನೆ ಹಟ ಅಲ್ಲ ಕಣೋ, ಗ್ಯಾಸಿನಲ್ಲಿ ಓಡುವ ಹಳೇ ಫ್ರಿಜ್ ಇದ್ದರೆ ಗಾಡಿ ವಾಲಿದಾಗ ಅದು ಸರಿಯಾಗಿ ತಂಪು ಮಾಡುವುದಿಲ್ಲ. ನಮ್ಮ ಮುದಿ ನಾಯಿ ಗುಂಡ ಅಷ್ಟೂ ಹೊತ್ತು ಮೆಟ್ಟಿಲ ಪಕ್ಕ ಕೂತು, ಕೂಲಿಯವರನ್ನು ನೋಡುವ ಮೇಸ್ತ್ರಿಯ ಹಾಗೆ ನನ್ನನ್ನೇ ನೋಡುತ್ತಿರುತ್ತಾನೆ.

ಅವನ ಇನ್ನೊಂದು ಅಭ್ಯಾಸ ನೆನಪಿದೆಯಾ? ಕತ್ತಲಾಗುತ್ತಿದ್ದ ಹಾಗೆ ಕುತ್ತಿಗೆ ಎತ್ತಿ ಆಕಾಶ ನೋಡುವುದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಅತ್ತಿತ್ತ ತಿರುಗುತ್ತಾ. ಒಂದು ರಾತ್ರಿ ನೀನು ‘ಇವನಿಗೆ ಏನೋ ಕಾಣಿಸ್ತಿದೆ’ ಅಂತ ಒಳಗೆ ಓಡಿದ್ದೆಯಲ್ಲ! ಅವನು ಬಾವಲಿಗಳನ್ನು ಕೇಳಿಸಿಕೊಳ್ಳುತ್ತಿದ್ದ. ಹುಳ ಹಿಡಿಯುವ ಬಾವಲಿಗಳು ಕೂಗುತ್ತಲೇ ಹಾರುತ್ತವೆ, ಆ ಕೂಗು ತುಂಬಾ ಕೀರಲು, ಬಹುಪಾಲು 20,000 ಹರ್ಟ್ಜ್‌ಗಿಂತ ಮೇಲೆ. ನಮ್ಮ ಕಿವಿ ಅಲ್ಲಿಗೇ ಮುಗಿಯಿತು. ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ನಾವು ‘ಆಹಾ, ಎಷ್ಟು ಪ್ರಶಾಂತ’ ಅಂತ ಕೂತಿದ್ದಾಗ ಅವನ ತಲೆಯ ಮೇಲೆ ಗದ್ದಲವೋ ಗದ್ದಲ.

ಹೋದ ವಾರ ಒಂದು ಕೆರೆ ಪಕ್ಕ ನಿಲ್ಲಿಸಿದ್ದೆವು. ಬಾವಲಿಗಳು ನೀರಿನ ಮೇಲೆ ಸರಸರ ಸುತ್ತುತ್ತಿದ್ದವು. ಗುಂಡ ಮುಂಗಾಲ ಮೇಲೆ ಗದ್ದ ಇಟ್ಟು ಮಲಗಿದ್ದ, ತಲೆ ಎತ್ತಲಿಲ್ಲ. ದಣಿದಿರಬೇಕು ಅಂದುಕೊಂಡೆ. ನಡುರಾತ್ರಿ ಬಾಗಿಲ ಹೊರಗೆ ಪರಪರ ಸದ್ದು. ಟಾರ್ಚ್ ಬಿಟ್ಟರೆ ಹಸಿರಾಗಿ ಹೊಳೆಯುವ ಎರಡು ಕಣ್ಣು, ಒಂದು ನರಿ! ಒಂದಿಷ್ಟೂ ಗಾಬರಿಯಿಲ್ಲ ಅದಕ್ಕೆ. ನನ್ನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಆರಾಮಾಗಿ ನಡೆದು ಹೋಯಿತು. ನಾನು ನಕ್ಕೂ ನಕ್ಕೂ ಸುಸ್ತಾದೆ. ತಿರುಗಿ ನೋಡಿದರೆ ಗುಂಡ ಎರಡು ಮಾರು ದೂರದಲ್ಲಿ ಗಾಢ ನಿದ್ದೆಯಲ್ಲಿದ್ದ. ಮೊದಲಾದರೆ ಇಡೀ ಬಯಲನ್ನೇ ಎಬ್ಬಿಸುತ್ತಿದ್ದವನು.

ಅವನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ಕಿವಿ ಅಲುಗಲಿಲ್ಲ. ನೆಲ ತಟ್ಟಿದೆ, ಆ ಅದುರಿಗೆ ಎದ್ದು, ನನ್ನನ್ನು ಕಂಡು ಬಾಲ ಆಡಿಸಿದ. ವಯಸ್ಸಾದ ನಾಯಿಗಳಿಗೆ ಸಾಮಾನ್ಯವಾಗಿ ಇಂಥ ಕೀರಲು ಸದ್ದುಗಳು ಕೇಳಿಸುವುದು ಮೊದಲು ನಿಲ್ಲುತ್ತದಂತೆ. ಅಂದರೆ ಬಾವಲಿಗಳು ಅವನಿಗೆ ಯಾವತ್ತೋ ನಿಂತುಹೋಗಿರಬೇಕು ಕಣೋ. ನಮಗೆ ಯಾರಿಗೂ ಗೊತ್ತೇ ಆಗಲಿಲ್ಲ.

ಅವತ್ತಿನಿಂದ ರಾತ್ರಿ ಎಚ್ಚರವಾದಾಗಲೆಲ್ಲ ಅವನ ಪಕ್ಕೆಯ ಮೇಲೆ ಕೈ ಇಟ್ಟು ಉಸಿರಾಡುತ್ತಿದ್ದಾನಾ ನೋಡುತ್ತೇನೆ. ಇನ್ನೊಂದು ಹೇಳಲಾ? ಊರು ಸುತ್ತುವ ಆಸೆಗೆ ಕ್ಯಾರವಾನ್ ತಗೊಂಡೆ ಅಂತ ಎಲ್ಲರ ಹತ್ತಿರ ಹೇಳುತ್ತೇನಲ್ಲ, ನಿಜವಾಗಿ ತಗೊಂಡದ್ದು ಅವನನ್ನು ಬಿಟ್ಟು ಎಲ್ಲೂ ಹೋಗಲು ಮನಸ್ಸು ಬಾರದೆ. ಅವನಿಲ್ಲದ ಮೇಲೆ ಆ ಗಾಡಿಯ ಬಾಗಿಲು ತೆಗೆಯುತ್ತೇನಾ ಅನ್ನುವುದು ಗೊತ್ತಿಲ್ಲ. ಇದನ್ನು ಮನೆಯಲ್ಲೂ ಹೇಳಿಲ್ಲ. ನೋಡು, ಮರಿಯ ವಿಷಯ ಬರೆಯಲು ಕೂತು ಎಲ್ಲಿಗೆ ಬಂದೆ.

ಸಾಕು ಬಿಡು. ಗುಂಡನ ಮೂಗು ಇನ್ನೂ ಚುರುಕಾಗಿದೆ, ಹೊಟ್ಟೆಯಂತೂ ಕೇಳಲೇಬೇಡ. ಈಗ ಕೈಸನ್ನೆ ಕಲಿಸುತ್ತಿದ್ದೇನೆ. ಕತ್ತಲಲ್ಲಿ ಟಾರ್ಚನ್ನು ಎರಡು ಸಲ ಮಿಣುಕಿಸಿದರೆ ಓಡಿ ಬರುತ್ತಾನೆ, ಜಾಣ.

ಮುಂದಿನ ಸಲ ನೀನೂ ಬಾ. ಮೇಲಿನ ಮಂಚ ನಿನಗೆ, ಕಿಟಕಿ ಪಕ್ಕದ್ದು ಗುಂಡನಿಗೆ, ಅದರಲ್ಲಿ ಮಾತಿಲ್ಲ. ನರಿ ಬಲಗಾಲಿನ ಚಪ್ಪಲಿಗೂ ಬಂದೇ ಬರುತ್ತದೆ, ಆ ರಾತ್ರಿಯ ಕಾವಲು ನಿನ್ನದು.

ನಿನ್ನ,
ಎಡಗಾಲು ಬರಿಗಾಲಾದವನು