ಭಾನುವಾರದ ನಾರಾ ಪ್ರವಾಸ: ಸುಜಾಕು ಮಹಾದ್ವಾರ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಯಮಾಟೊ-ಸೈದೈಜಿ ರೈಲು ನಿಲ್ದಾಣದಲ್ಲಿ ಸೇರೋಣ. ಅಲ್ಲಿಂದ ಹೈಜೋ ಎಂಬ ಹಳೆಯ ಅರಮನೆ ಇದ್ದ ಜಾಗಕ್ಕೆ ನಡೆದೇ ಹೋಗುತ್ತೇವೆ. ಬಯಲು ವಿಶಾಲವಾಗಿದೆ, ನೆರಳು ಕಡಿಮೆ. ಟೋಪಿ, ನೀರು ಮರೆಯಬೇಡಿ. ಪ್ರವೇಶ ಉಚಿತ.

ನಾವು ನೋಡಲಿರುವ ಸುಜಾಕು ಮಹಾದ್ವಾರ, ಅಂದರೆ ಆ ಅರಮನೆಯ ಮುಖ್ಯ ಬಾಗಿಲು, 1998ರಲ್ಲಿ ಮರುನಿರ್ಮಾಣವಾದದ್ದು. ನಾರಾ ಜಪಾನಿನ ರಾಜಧಾನಿಯಾದದ್ದು 710ರಲ್ಲಿ; 784ರಲ್ಲಿ ರಾಜಧಾನಿ ಬೇರೆಡೆಗೆ ಹೋದ ಮೇಲೆ ಅರಮನೆಯ ನೆಲ ಕ್ರಮೇಣ ಗದ್ದೆಯಾಯಿತು. ಮೂಲ ದ್ವಾರದ ಚಿತ್ರವಾಗಲಿ ನಕ್ಷೆಯಾಗಲಿ ಉಳಿದಿರಲಿಲ್ಲ. ಉತ್ಖನನದಲ್ಲಿ ಸಿಕ್ಕ ಅಡಿಪಾಯದ ಗುರುತುಗಳಿಂದ ಅಳತೆ ಹಿಡಿದು, ಮೇಲಿನ ರೂಪಕ್ಕೆ ಯಕುಶಿಜಿ ದೇವಾಲಯದ ಪೂರ್ವ ಗೋಪುರದಂತಹ ಆ ಕಾಲದ ಕಟ್ಟಡಗಳನ್ನು ಆಧಾರವಾಗಿಟ್ಟುಕೊಂಡರು. ಹಾಗಾಗಿ ಕಂಬಗಳ ಜಾಗ ಪುರಾವೆ, ಎರಡಂತಸ್ತಿನ ಚಾವಣಿ ವಿದ್ವಾಂಸರ ಊಹೆ. ಕೆಂಪು ಬಣ್ಣ ಕಣ್ಣಿಗೆ ತೀರಾ ಹೊಸದಾಗಿ ಕಂಡರೆ 'ನಕಲಿ' ಎಂದು ಮುಖ ತಿರುಗಿಸಬೇಡಿ. ಹೊಸದಾಗಿದ್ದಾಗ ಮೂಲದ್ದೂ ಹೀಗೆಯೇ ಹೊಳೆದಿರಬೇಕು.

ದ್ವಾರದಿಂದ ಉತ್ತರಕ್ಕೆ ನೋಡಿದರೆ 2010ರಲ್ಲಿ ಮರುನಿರ್ಮಾಣ ಪೂರ್ಣಗೊಂಡ ದೈಗೊಕುದೆನ್ ಸಭಾಭವನ ಕಾಣುತ್ತದೆ. ನಡುವೆ ರೈಲು ಹಳಿ ಅರಮನೆಯ ಬಯಲನ್ನೇ ಸೀಳಿಕೊಂಡು ಹೋಗಿದೆ! ಮಕ್ಕಳಿಗೆ ಇದೇ ಹೆಚ್ಚು ಇಷ್ಟವಾಗಬಹುದು, ಆದರೆ ರೈಲ್ವೆ ಗೇಟಿನ ಬಳಿ ಅವರ ಕೈ ಬಿಡಬೇಡಿ.

ಸಮಯ ಉಳಿದರೆ ಮಧ್ಯಾಹ್ನ ತೊದೈಜಿ ಬೌದ್ಧ ದೇವಾಲಯ. ಅಲ್ಲಿನ ಮಹಾಬುದ್ಧನ ಮೂರ್ತಿಗೆ 752ರಲ್ಲಿ ಕಣ್ಣು ಬರೆದವನು ಭಾರತದಿಂದ ಬಂದ ಬೋಧಿಸೇನ ಎಂಬ ಭಿಕ್ಷು.

ಊಟ ಅವರವರೇ ತರಬೇಕು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ಬರೆಯಿರಿ. ಜೋರು ಮಳೆಯಾದರೆ ಮುಂದಿನ ಭಾನುವಾರ.